ಉಪ್ಪುನೀರಿನ ಕಾಡು

ಮಹಾಕಾವ್ಯವೆನಿಸಬೇಕಾದರೆ ಹದಿನೆಂಟು ವರ್ಣನೆಗಳು ಇರಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದರು. ಅವರ ಪಟ್ಟಿಯಲ್ಲಿ ಸಮುದ್ರವುಂಟು, ಪರ್ವತವುಂಟು; ಋತುಗಳು, ಚಂದ್ರೋದಯ, ವನವಿಹಾರ, ಜಲಕ್ರೀಡೆಗಳೂ ಉಂಟು. ಪ್ರತಿವರ್ಷ ತರಗತಿಯಲ್ಲಿ ಈ ಪಟ್ಟಿಯನ್ನು ಒಪ್ಪಿಸುವಾಗ ನನಗೆ ಒಂದು ಕೊರತೆ ಕಾಣುತ್ತದೆ. ಹೊಳೆಯು ಕಡಲನ್ನು ಕೂಡುವ ಅಳಿವೆಗೆ, ಅಲ್ಲಿಯ ಕೆಸರಿಗೆ, ಆ ಕೆಸರಿನಲ್ಲಿಯೇ ಬೇರೂರಿ ನಿಂತ ಕಾಡಿಗೆ ಅದರಲ್ಲಿ ಎಡೆಯಿಲ್ಲ. ಕವಿಯು ಕೆಸರಿನಿಂದ ಕಮಲವನ್ನಷ್ಟೇ ಎತ್ತಿಕೊಂಡು ಉಳಿದುದನ್ನು ಅಲ್ಲಿಯೇ ಬಿಟ್ಟ. ಲೋಕವೂ ಹಾಗೆಯೇ ಮಾಡಿತು. ಅಳಿವೆಯ ಕಾಡೆಂದರೆ ಸೊಳ್ಳೆಯ ತಾಣ, ಯಾವ ಪ್ರಯೋಜನಕ್ಕೂ ಬಾರದ ಪಾಳುನೆಲ ಎಂಬ ಭಾವನೆ ಬಹುಕಾಲ ಬಾಳಿತು.

ಕಡಲಂಚಿನ ಜನರು ಮಾತ್ರ ಇದಕ್ಕೆ ಹೆಸರಿಟ್ಟು ಕರೆದರು. ಕುಂದಾಪುರ, ಹೊನ್ನಾವರ, ಕುಮಟೆಗಳ ಕಡೆ ಇದು ಕಾಂಡ್ಲ. ಮಲಯಾಳದಲ್ಲಿ ಕಂಡಲ್. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥವು ಈ ಹೆಸರನ್ನು ಪಡುವಣ ಪಂಡಿತರಿಗೆ ತಿಳಿಸಿತು. ಇಂದು ಸಸ್ಯಶಾಸ್ತ್ರದಲ್ಲಿ ಇಂಥ ಮರಗಳ ಒಂದು ಕುಲದ ಹೆಸರೇ ‘ಕಾಂಡೇಲಿಯ’. ಜಪಾನಿನಿಂದ ಬಂಗಾಳದವರೆಗೆ ವಿಜ್ಞಾನಿಯು ಆ ಕುಲವನ್ನು ಹೆಸರಿಸುವಾಗ, ತನಗರಿವಿಲ್ಲದೆಯೇ ನಮ್ಮ ಕರಾವಳಿಯ ಬೆಸ್ತರ ಮಾತನ್ನು ಉಚ್ಚರಿಸುತ್ತಾನೆ. ಕನ್ನಡದ ಕಾಂಡ್ಲವು ಆ ಮಾತಿನ ಒಡಹುಟ್ಟೆಂದು ಕಿವಿಯೇ ಹೇಳುತ್ತದೆ.

ಈ ಮರಗಳ ಬಾಳು ವಿಚಿತ್ರವಾದುದು. ದಿನಕ್ಕೆರಡು ಸಲ ಭರತದ ಉಪ್ಪುನೀರು ಬಂದು ಬುಡವನ್ನು ಮುಳುಗಿಸುತ್ತದೆ. ಎರಡು ಸಲ ಇಳಿದು ಬೇರನ್ನು ಬಯಲುಮಾಡುತ್ತದೆ. ಕೆಸರಿನೊಳಗೆ ಉಸಿರಾಡಲು ಗಾಳಿಯಿಲ್ಲ. ಆದುದರಿಂದ ಕೆಲವು ಮರಗಳು ಬೇರುಗಳನ್ನು ಪೆನ್ಸಿಲಿನ ಮೊನೆಯಂತೆ ಮೇಲಕ್ಕೆ ಚಾಚಿ ಗಾಳಿಯನ್ನು ಹೀರುತ್ತವೆ. ಬೇರೆ ಕೆಲವು ಕಾಂಡದಿಂದ ಬಿಲ್ಲಿನಂತೆ ಬಾಗಿದ ಊರೆಗೋಲುಗಳನ್ನು ಇಳಿಬಿಟ್ಟು ನಿಲ್ಲುತ್ತವೆ. ಉಪ್ಪನ್ನು ಬೇರಿನಲ್ಲಿಯೇ ತಡೆಯುವ ಮರಗಳುಂಟು. ಒಳಗೆ ಬಿಟ್ಟುಕೊಂಡು ಎಲೆಯ ಮೂಲಕ ಹೊರಹಾಕುವ ಮರಗಳೂ ಉಂಟು. ಅಂಥ ಎಲೆಗೆ ನಾಲಗೆ ಸೋಕಿಸಿದರೆ ಉಪ್ಪು ತಿಳಿಯುತ್ತದೆ. ಕಾಂಡ್ಲದ ಬೀಜವು ನೆಲಕ್ಕೆ ಬಿದ್ದು ಮೊಳೆಯುವುದಿಲ್ಲ. ಮರದ ಮೇಲೆಯೇ ಮೊಳೆತು, ಗೇಣುದ್ದ ಕೋಡಿನಂತೆ ತೂಗಾಡಿ, ಬೆಳೆದ ಸಸಿಯಾಗಿಯೇ ಕೆಳಗೆ ಬೀಳುತ್ತದೆ. ಅಲೆಯ ಊರಿನಲ್ಲಿ ಬೀಜಕ್ಕೆ ನಿಲ್ಲಲು ಬಿಡುವಿಲ್ಲವೆಂಬುದನ್ನು ತಾಯಿಮರವು ಬಲ್ಲುದೆಂದು ತೋರುತ್ತದೆ.

ಉದುರಿದ ಎಲೆ ಕೊಳೆತು ಏಡಿಗೆ, ಸಿಗಡಿಗೆ, ಮೀನಮರಿಗೆ ಆಹಾರವಾಗುತ್ತದೆ. ಬೇರುಗಳ ಹೆಣಿಗೆಯೊಳಗೆ ದೊಡ್ಡ ಮೀನುಗಳು ನುಗ್ಗಲಾರವು. ಆದುದರಿಂದ ಮರಿಗಳಿಗೆ ಅದೇ ತೊಟ್ಟಿಲು. ಕಡಲಿನಲ್ಲಿ ಬಲೆಗೆ ಬೀಳುವ ಎಷ್ಟೋ ಮೀನುಗಳ ಬಾಲ್ಯವು ಈ ಕೆಸರಿನಲ್ಲಿ ಕಳೆದುದಾಗಿದೆ.

ಕುಮಟಾ ತಾಲೂಕಿನ ಅಘನಾಶಿನಿಯ ಅಳಿವೆಯಲ್ಲಿ ಒಮ್ಮೆ ವಿದ್ಯಾರ್ಥಿಗಳೊಡನೆ ದೋಣಿಯಲ್ಲಿ ಹೋಗಿದ್ದೆ. ಇಳಿತದ ಹೊತ್ತು. ಸೊಂಟಮಟ್ಟದ ನೀರಿನಲ್ಲಿ ನಿಂತು ಹೆಂಗಸರು ಕೆಸರಿನಿಂದ ಬೆಳಚು ಹೆಕ್ಕುತ್ತಿದ್ದರು. ಶಿರಸಿಯ ಮಗ್ಗುಲಲ್ಲಿ ಹುಟ್ಟಿ ಯಾವ ದೊಡ್ಡ ಅಣೆಕಟ್ಟಿಗೂ ಸಿಲುಕದೆ ಕಡಲಿಗೆ ಬರುವ ಈ ಹೊಳೆಯಿಂದಲೇ ಅವರ ಮನೆಯ ಒಲೆ ಉರಿಯಬೇಕು. ಇಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳುವ ಒಂದು ಭತ್ತ ಬೆಳೆಯುತ್ತದೆ. ಅದರ ಹೆಸರು ಕಗ್ಗ. ಕಗ್ಗವೆಂದೊಡನೆ ನನ್ನ ವಿದ್ಯಾರ್ಥಿಗಳಿಗೆ ಡಿ.ವಿ.ಜಿ. ನೆನಪಾದರು, ದೋಣಿ ನಡೆಸುತ್ತಿದ್ದ ಮುದುಕನಿಗೆ ಅನ್ನ ನೆನಪಾಯಿತು. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ: ಹೀಗೆ ಒಂದೇ ನೆಲವು ಹೊಳೆಗೂ ಕಡಲಿಗೂ ಸರದಿಯಂತೆ ನಡೆದುಕೊಳ್ಳುತ್ತಿತ್ತು. ಗದ್ದೆಯ ಹೊರಗಿನ ಮಣ್ಣಿನ ಕಟ್ಟವನ್ನು ಕಾಂಡ್ಲದ ಬೇರುಗಳು ಅಲೆಯ ಹೊಡೆತದಿಂದ ಕಾಯುತ್ತಿದ್ದವು. ರೈತನು ಮರವನ್ನು ಉಳಿಸಿದುದು ದಯೆಯಿಂದಲ್ಲ. ಮರವಿಲ್ಲದೆ ತನ್ನ ಕಟ್ಟ ನಿಲ್ಲದೆಂದು ಅವನಿಗೆ ಗೊತ್ತಿತ್ತು.

ಕಲ್ಲಿನ ಗಟ್ಟಿ ಕಟ್ಟಗಳು ಬಂದ ಮೇಲೆ ಈ ನಂಟು ಸಡಿಲಿತು. ಮರದ ಕಾವಲು ಬೇಡವೆನಿಸಿತು, ಅದು ಸೌದೆಯಾಯಿತು. ಆಮೇಲೆ, 1990ರ ದಶಕದಲ್ಲಿ, ಸಿಗಡಿ ಸಾಕಣೆಯ ಹಣದ ಹುಚ್ಚು ದೇಶದ ಕರಾವಳಿಯನ್ನೆಲ್ಲ ಹಿಡಿಯಿತು. ರೋಗ ಬಂದು ಕೊಳಗಳು ಕೆಟ್ಟವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಅಂಥ ಉದ್ಯಮವನ್ನು ನಿಷೇಧಿಸಿ ತೀರ್ಪಿತ್ತಿತು. ಆದರೆ ಗದ್ದೆಯನ್ನು ಬಿಟ್ಟವರೆಲ್ಲರೂ ಮರಳಿ ಗದ್ದೆಗೆ ಬರಲಿಲ್ಲ. ಇಂದು ಕಗ್ಗವನ್ನು ಬಿತ್ತುವವರು ಕೆಲವರೇ.

ಕಾಡು ಹೋದರೆ ಏನು ಹೋಗುತ್ತದೆ ಎಂಬುದಕ್ಕೆ ಒಡಿಶಾದಲ್ಲಿ ಉತ್ತರ ದೊರೆಯಿತು. 1999ರ ಅಕ್ಟೋಬರಿನ ಚಂಡಮಾರುತವು ಅಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಕೇಂದ್ರಾಪಾಡಾ ಜಿಲ್ಲೆಯ ಹಳ್ಳಿಗಳನ್ನು ಅಭ್ಯಾಸ ಮಾಡಿದ ವಿದ್ವಾಂಸರು 2009ರಲ್ಲಿ ಪ್ರಕಟಿಸಿದ ನಿರ್ಣಯವಿದು: ಕಡಲಿಗೂ ಊರಿಗೂ ನಡುವೆ ಕಾಂಡ್ಲವನ ಅಗಲವಾಗಿದ್ದಲ್ಲಿ ಸಾವುಗಳು ಕಡಿಮೆ. ಮರವು ಚಂಡಮಾರುತವನ್ನು ನಿಲ್ಲಿಸಲಾರದು. ಅದು ನೀರಿನ ವೇಗವನ್ನು ತಗ್ಗಿಸುತ್ತದೆ. ಓಡಲು ಬೇಕಾದಷ್ಟು ಹೊತ್ತನ್ನು ಮನುಷ್ಯನಿಗೆ ಕೊಡುತ್ತದೆ.

2021ರ ಅರಣ್ಯ ಸ್ಥಿತಿ ವರದಿಯ ಪ್ರಕಾರ ಭಾರತದಲ್ಲಿ ಇಂಥ ಕಾಡು 4,992 ಚದರ ಕಿಲೋಮೀಟರು; ಕರ್ನಾಟಕದಲ್ಲಿ ಬರಿಯ 13. ಸುಂದರವನದ ಮುಂದೆ ಇದು ಒಂದು ಹಿತ್ತಲು. ಆದರೂ ಹಿತ್ತಲಿಲ್ಲದ ಮನೆಯ ಪಾಡು ನಮಗೆ ಗೊತ್ತಷ್ಟೆ. 1991ರ ಕರಾವಳಿ ನಿಯಂತ್ರಣ ಅಧಿಸೂಚನೆಯು ಈ ಕಾಡುಗಳಿಗೆ ಬಲವಾದ ರಕ್ಷಣೆಯನ್ನಿತ್ತಿತು. 2024ರಲ್ಲಿ ಅಘನಾಶಿನಿಯ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂದು ಘೋಷಿತವಾಯಿತು. ಇವೆಲ್ಲ ಸಂತೋಷದ ಸಂಗತಿಗಳೇ.

ಆದರೆ ಕಾಗದದ ಮೇಲಿನ ರಕ್ಷಣೆಯಿಂದಲೇ ಕಾಡು ಬೆಳೆಯದು. ಸಭೆ ಸೇರಿಸಿ ಸಾವಿರಾರು ಸಸಿಗಳನ್ನು ನೆಡುವುದು ಸುಲಭ. ನೀರು ಬಹಳ ಹೊತ್ತು ನಿಲ್ಲುವ ಕಡೆ ನೆಟ್ಟರೆ ಅವು ಕೊಳೆಯುತ್ತವೆ. ಬೆಳಚು ಬೆಳೆಯುವ ಬಯಲಲ್ಲಿ ನೆಟ್ಟರೆ ಆ ಹೆಂಗಸರ ಅನ್ನಕ್ಕೆ ಕುತ್ತು. ಎಲ್ಲಿ ಭರತ ಇಳಿತಗಳ ದಾರಿ ಕಟ್ಟಿದೆಯೋ ಅಲ್ಲಿ ಆ ದಾರಿಯನ್ನು ಬಿಡಿಸುವುದೇ ಮೊದಲ ಕೆಲಸ; ದಾರಿ ತೆರೆದರೆ ತೇಲಿಬಂದ ಸಸಿಗಳು ತಾವಾಗಿ ಊರಿಕೊಳ್ಳುತ್ತವೆ. ಇದನ್ನು ತಿಳಿಯಲು ಅಲ್ಲಿಯವರನ್ನು ಕೇಳಬೇಕು. ಕೇರಳದ ಪಳಯಂಗಾಡಿಯಲ್ಲಿ 1989ರಿಂದ ಕಂಡಲ್ ನೆಡುತ್ತ ಬಂದ ಕಲ್ಲೇನ್ ಪೊಕ್ಕುಡನ್ ಎಂಬ ಕೃಷಿ ಕಾರ್ಮಿಕರಿಗೆ ಪಾಂಡಿತ್ಯದ ಪದವಿಯೇನೂ ಇರಲಿಲ್ಲ. 2015ರಲ್ಲಿ ಅವರು ತೀರಿಕೊಂಡಾಗ ನಾಡು ಅವರನ್ನು ‘ಕಂಡಲ್ ಪೊಕ್ಕುಡನ್’ ಎಂದೇ ನೆನೆಯಿತು.

ನಮ್ಮ ಪಾಠಪಟ್ಟಿಯಲ್ಲಿ ಹತ್ತೊಂಬತ್ತನೆಯ ವರ್ಣನೆಯೊಂದನ್ನು ಸೇರಿಸುವ ಅಧಿಕಾರ ನನಗಿಲ್ಲ. ಆದರೆ ಕರಾವಳಿಯ ಶಾಲೆಗಳ ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹವುಂಟು. ಗಜನಿ, ಕಗ್ಗ, ಕಾಂಡ್ಲ, ಬೆಳಚು ಎಂಬ ಮಾತುಗಳನ್ನು ಮಕ್ಕಳು ತಮ್ಮ ಅಜ್ಜ ಅಜ್ಜಿಯರಿಂದ ಕೇಳಿ ಬರೆದು ತರಲಿ. ಒಂದು ಇಳಿತದ ಹೊತ್ತು ಅವರನ್ನು ಅಳಿವೆಗೆ ಕರೆದೊಯ್ಯಿರಿ. ಹೆಸರು ಬಲ್ಲವನು ಆ ಮರಕ್ಕೆ ಕೊಡಲಿ ಎತ್ತುವ ಮೊದಲು ಒಂದು ಕ್ಷಣವಾದರೂ ತಡೆಯುತ್ತಾನೆ.