ಸಮುದ್ರ ಮೀನಿಗೆ ಬಿಳಿ ಚುಕ್ಕೆ ಬಂತಾ? ಉಪ್ಪಿನ ಡಬ್ಬಿ ತೆಗೆಯುವ ಮೊದಲು ಇದನ್ನು ಓದಿ

ಕೊಣನೂರು: ಅಂಗಡಿ ಕೌಂಟರ್ ಪಕ್ಕದ ಗಾಜಿನ ತೊಟ್ಟಿಯಲ್ಲಿ ನಿನ್ನೆ ಸಂಜೆ ಲವಲವಿಕೆಯಿಂದ ಓಡಾಡುತ್ತಿದ್ದ ಕಿತ್ತಳೆ ಬಣ್ಣದ ಕ್ಲೌನ್ ಮೀನು ಇವತ್ತು ಬೆಳಗ್ಗೆ ಮೂಲೆ ಸೇರಿದೆ. ಕಾಳು ಹಾಕಿದರೆ ಬಾಯಿ ಹಾಕುತ್ತಿಲ್ಲ. ಮೈಮೇಲೆ ಉಪ್ಪಿನ ಹರಳು ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಅಂಗಡಿಗೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ‘ಒಂದು ಹಿಡಿ ಕಲ್ಲುಪ್ಪು ಹಾಕಿ’ ಅಂತ ಒಬ್ಬರು, ‘ಅರಿಶಿನ ಹಾಕಿ’ ಅಂತ ಇನ್ನೊಬ್ಬರು, ‘ನೀರೆಲ್ಲಾ ಚೆಲ್ಲಿ ಹೊಸ ನೀರು ತುಂಬಿ’ ಅಂತ ಮತ್ತೊಬ್ಬರು. ಇಷ್ಟರಲ್ಲಿ ಎರಡು ದಿನ ಕಳೆದರೆ ಮೀನು ಮೇಲೆ ತೇಲುತ್ತದೆ.

ಗೋಲ್ಡ್ ಫಿಶ್, ಗಪ್ಪಿ ಸಾಕಿ ಅಭ್ಯಾಸ ಇರುವವರು ಸಮುದ್ರದ ಮೀನಿಗೂ ಅದೇ ಮದ್ದು ಮಾಡಲು ಹೋಗಿ ಕೈ ಸುಟ್ಟುಕೊಳ್ಳುತ್ತಾರೆ. ಎರಡರ ಲೆಕ್ಕವೇ ಬೇರೆ. ಕಾವೇರಿ ದಡದ ಊರಿನಲ್ಲಿ ಸಮುದ್ರದ ಮೀನು ಸಾಕುವವರು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಸಿಹಿನೀರಿಗೆ ಉಪ್ಪು ಮದ್ದು, ಉಪ್ಪುನೀರಿಗೆ ಸಿಹಿನೀರು ಮದ್ದು

ನದಿ, ಕೆರೆ ಮೀನಿನ ಮೈಯೊಳಗೆ ಇರುವ ಉಪ್ಪಿನ ಅಂಶ ಹೊರಗಿನ ನೀರಿಗಿಂತ ಜಾಸ್ತಿ. ಹಾಗಾಗಿ ನೀರು ತಾನಾಗಿಯೇ ಮೈಯೊಳಗೆ ನುಗ್ಗುತ್ತಿರುತ್ತದೆ, ಮೀನು ಅದನ್ನು ಮೂತ್ರದಲ್ಲಿ ಹೊರಹಾಕುತ್ತಿರುತ್ತದೆ. ಸಮುದ್ರದ ಮೀನಿನದು ಉಲ್ಟಾ. ಅದರ ಮೈಯ ಉಪ್ಪು ಸಮುದ್ರದ ನೀರಿನ ಮೂರನೇ ಒಂದು ಭಾಗದಷ್ಟು ಮಾತ್ರ. ಮೈಯ ನೀರು ಹೊರಗೆ ಹೋಗುತ್ತಲೇ ಇರುತ್ತದೆ, ಅದಕ್ಕೇ ಅದು ನೀರು ಕುಡಿಯುತ್ತಲೇ ಇರಬೇಕು.

ಸಿಹಿನೀರಿನ ತೊಟ್ಟಿಗೆ ಲೀಟರ್‌ಗೆ 1ರಿಂದ 3 ಗ್ರಾಂ ಉಪ್ಪು ಹಾಕಿದರೆ ಪರೋಪಜೀವಿಗೆ ತೊಂದರೆ, ಮೀನಿಗೆ ಆರಾಮ. ಆದರೆ ಸಮುದ್ರದ ನೀರಿನಲ್ಲಿ ಮೊದಲೇ ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪಿದೆ. 100 ಲೀಟರ್ ತೊಟ್ಟಿ ಅಂದರೆ ಮೂರೂವರೆ ಕೆ.ಜಿ. ಅದಕ್ಕೆ ಇನ್ನೊಂದು ಹಿಡಿ ಸೇರಿಸಿದರೆ ಹುಳುವಿಗೆ ಏನೂ ಆಗುವುದಿಲ್ಲ, ಸುಸ್ತಾದ ಮೀನಿಗೆ ಮತ್ತಷ್ಟು ಕಷ್ಟ ಅಷ್ಟೇ. ಸಮುದ್ರದ ಪರೋಪಜೀವಿಗೆ ಸಿಹಿನೀರೇ ವೈರಿ. ಅದಕ್ಕೇ ಕೆಲವು ಕಾಯಿಲೆಗೆ ಮೀನನ್ನು ಕೆಲವೇ ನಿಮಿಷ ಸಿಹಿನೀರಿನಲ್ಲಿ ಮುಳುಗಿಸುವ ಚಿಕಿತ್ಸೆ ಇದೆ.

ಅಡುಗೆ ಉಪ್ಪಿನಿಂದ ಸಮುದ್ರದ ನೀರು ತಯಾರಾಗುವುದಿಲ್ಲ ಅನ್ನೋದೂ ಗೊತ್ತಿರಲಿ. ಸಮುದ್ರದ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲಾ ಇರುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರ ಉಪ್ಪಿನ ಮಿಶ್ರಣವನ್ನೇ ಬಳಸಬೇಕು.

ಮೊದಲು ನೀರು ಪರೀಕ್ಷೆ

ಮೀನು ಮಂಕಾದ ತಕ್ಷಣ ಕಾಯಿಲೆ ಅಂದುಕೊಳ್ಳುವುದು ತಪ್ಪು. ಎಷ್ಟೋ ಸಲ ತೊಂದರೆ ನೀರಿನದ್ದೇ ಆಗಿರುತ್ತದೆ. ತೊಟ್ಟಿಯ ಎಲ್ಲಾ ಮೀನುಗಳೂ ಒಂದೇ ದಿನ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಮೊದಲು ನೀರಿನ ಮೇಲೆ ಅನುಮಾನ ಪಡಿ. ಒಂದೆರಡು ಮೀನಿಗೆ ಶುರುವಾಗಿ ನಿಧಾನಕ್ಕೆ ಉಳಿದವಕ್ಕೆ ಹರಡಿದರೆ ಕಾಯಿಲೆ ಇರಬಹುದು.

ನೋಡಬೇಕಾದ್ದು ಇಷ್ಟು:

- ಅಮೋನಿಯಾ, ನೈಟ್ರೈಟ್: ಎರಡೂ ಸೊನ್ನೆ ಇರಬೇಕು. ಹೊಸ ತೊಟ್ಟಿ, ಜಾಸ್ತಿ ಕಾಳು, ಕಣ್ಣಿಗೆ ಬೀಳದೆ ಸತ್ತ ಮೀನು ಇದ್ದರೆ ಇವು ಏರುತ್ತವೆ.
- ಪಿಎಚ್: 8.1ರಿಂದ 8.4.
- ಉಷ್ಣತೆ: 24ರಿಂದ 27 ಡಿಗ್ರಿ ಸೆಲ್ಸಿಯಸ್.
- ಉಪ್ಪಿನ ಸಾಂದ್ರತೆ: ಮಾಪಕದಲ್ಲಿ 1.023ರಿಂದ 1.026.

ಕೊನೆಯದರಲ್ಲಿ ತುಂಬಾ ಜನ ಎಡವುತ್ತಾರೆ. ಬೇಸಿಗೆಯಲ್ಲಿ ತೊಟ್ಟಿಯ ನೀರು ಆವಿಯಾದಾಗ ನೀರು ಮಾತ್ರ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಕಮ್ಮಿಯಾದಷ್ಟಕ್ಕೆ ಮತ್ತೆ ಉಪ್ಪುನೀರು ಸುರಿದರೆ ಉಪ್ಪು ಏರುತ್ತಾ ಹೋಗುತ್ತದೆ. ಆವಿಯಾದ ಜಾಗಕ್ಕೆ ಶುದ್ಧ ಸಿಹಿನೀರು ಹಾಕಬೇಕು. ಕೊಳೆ ನೀರು ತೆಗೆದು ಬದಲಿಸುವಾಗ ಮಾತ್ರ ಉಪ್ಪುನೀರು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸಿ.

ಕರೆಂಟ್ ಹೋದರೆ ಗಾಳಿ ಪಂಪ್ ನಿಲ್ಲುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ ಇರುತ್ತದೆ, ಉಪ್ಪುನೀರಿನಲ್ಲಿ ಇನ್ನೂ ಕಮ್ಮಿ. ಬ್ಯಾಟರಿಯ ಸಣ್ಣ ಪಂಪ್ ಒಂದು ಅಂಗಡಿಯಲ್ಲಿದ್ದರೆ ಮೀನು ಉಳಿಯುತ್ತದೆ. ತೊಟ್ಟಿ ಪಕ್ಕ ಸೊಳ್ಳೆ ಕಾಯಿಲ್, ಜಿರಳೆ ಸ್ಪ್ರೇ ಬೇಡ. ಗಾಳಿ ಪಂಪ್ ಆ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ.

ಯಾವ ಲಕ್ಷಣ, ಯಾವ ಕಾಯಿಲೆ?

ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ: ಇದು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿಯ ಕೆಲಸ. ಚುಕ್ಕೆಗಳನ್ನು ಒಂದೊಂದಾಗಿ ಎಣಿಸಬಹುದು. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಸಿಹಿನೀರಿನ ಬಿಳಿ ಚುಕ್ಕೆ ರೋಗದ ಜೀವಿ ಬೇರೆ. ನೋಡೋಕೆ ಒಂದೇ ಥರ ಇದ್ದರೂ ಸಂಬಂಧಿಕರಲ್ಲ.

ಚಿನ್ನದ ಪುಡಿ ಉದುರಿಸಿದ ಹಾಗೆ ಮೈ: ಇದು ವೆಲ್ವೆಟ್ ರೋಗ, ಕಾರಣ ಅಮೈಲೂಡಿನಿಯಂ. ಚುಕ್ಕೆ ಎಣಿಸಲಾಗದಷ್ಟು ಸಣ್ಣ. ಟಾರ್ಚ್ ಅಡ್ಡಡ್ಡಲಾಗಿ ಹಿಡಿದರೆ ಕಾಣುತ್ತದೆ. ಇದು ಮೊದಲು ಹಿಡಿಯುವುದು ಕಿವಿರನ್ನು. ಹಾಗಾಗಿ ಮೈಮೇಲೆ ಏನೂ ಕಾಣುವ ಮೊದಲೇ ಮೀನು ಏದುಸಿರು ಬಿಡುತ್ತದೆ, ಪಂಪಿನ ಹರಿವಿಗೆ ಮುಖ ಕೊಟ್ಟು ನಿಲ್ಲುತ್ತದೆ. ಎಲ್ಲಕ್ಕಿಂತ ಅವಸರದ ಕಾಯಿಲೆ ಇದೇ. ಎರಡು ಮೂರು ದಿನದಲ್ಲಿ ತೊಟ್ಟಿ ಖಾಲಿ ಮಾಡಬಲ್ಲದು.

ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಸುಲಿಯುವುದು: ಬ್ರೂಕ್ಲಿನೆಲ್ಲಾ ಎಂಬ ಜೀವಿ. ಸಮುದ್ರದಿಂದ ಹಿಡಿದು ತಂದ ಕ್ಲೌನ್ ಮೀನುಗಳಲ್ಲಿ ಜಾಸ್ತಿ. ಇದಕ್ಕೆ ತಾಮ್ರದ ಔಷಧಿ ನಾಟುವುದಿಲ್ಲ. ಫಾರ್ಮಲಿನ್ ಸ್ನಾನವೇ ರೂಢಿಯ ಚಿಕಿತ್ಸೆ. ಫಾರ್ಮಲಿನ್ ಮನುಷ್ಯರಿಗೂ ವಿಷ, ಬಲ್ಲವರ ಸಲಹೆ ಇಲ್ಲದೆ ಮುಟ್ಟಬಾರದು.

ಕಣ್ಣು ಮಸುಕು, ಮೈ ಉಜ್ಜುವುದು, ಚುಕ್ಕೆ ಇಲ್ಲ: ಚಪ್ಪಟೆ ಹುಳು ಇರಬಹುದು. ಮೀನಿನ ಮೈ ಮೇಲೆ ಇದು ಪಾರದರ್ಶಕವಾಗಿರುತ್ತದೆ, ಕಾಣೋದಿಲ್ಲ. ಐದು ನಿಮಿಷ ಸಿಹಿನೀರಿನಲ್ಲಿ ಅದ್ದಿದರೆ ಹುಳು ಬೆಳ್ಳಗಾಗಿ ಉದುರಿ ತಳದಲ್ಲಿ ಬೀಳುತ್ತದೆ. ಪರೀಕ್ಷೆಯೂ ಆಯಿತು, ಅರ್ಧ ಚಿಕಿತ್ಸೆಯೂ ಆಯಿತು. ಮುಂದಿನದಕ್ಕೆ ಪ್ರಾಜಿಕ್ವಾಂಟೆಲ್ ಔಷಧಿ. ಮೊಟ್ಟೆಗಳು ಅದಕ್ಕೆ ಸಾಯದ ಕಾರಣ ಮತ್ತೊಮ್ಮೆ ಕೊಡಬೇಕು.

ರೆಕ್ಕೆ ಅಂಚಿನಲ್ಲಿ ಹೂಕೋಸಿನಂಥ ಗಂಟು: ಲಿಂಫೋಸಿಸ್ಟಿಸ್ ಎಂಬ ವೈರಸ್. ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ನೀರು, ಆಹಾರ ಚೆನ್ನಾಗಿದ್ದರೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಹೋಗುತ್ತದೆ.

ಕೆಂಪು ಹುಣ್ಣು, ಕೊಳೆತ ರೆಕ್ಕೆ: ಬ್ಯಾಕ್ಟೀರಿಯಾ ಇರಬಹುದು. ಒಂದೇ ಕಣ್ಣು ಊದಿದ್ದರೆ ಏಟು ಬಿದ್ದಿರಬಹುದು. ಎರಡೂ ಊದಿದ್ದರೆ ಒಳಗಿನ ಸೋಂಕೋ ನೀರಿನ ದೋಷವೋ ನೋಡಬೇಕು.

‘ಚುಕ್ಕೆ ಹೋಯ್ತು, ವಾಸಿಯಾಯ್ತು’ ಅನ್ನೋ ಮೋಸ

ಬಿಳಿ ಚುಕ್ಕೆ ರೋಗದಲ್ಲಿ ಜನ ಸೋಲುವುದು ಇಲ್ಲೇ. ಜೀವಿ ಮೀನಿನ ಮೈಯಲ್ಲಿ 3ರಿಂದ 7 ದಿನ ಇದ್ದು ಉಂಡು ಬೆಳೆಯುತ್ತದೆ. ಆಮೇಲೆ ಉದುರಿ ಮರಳು, ಕಲ್ಲು, ಗಾಜಿಗೆ ಅಂಟಿಕೊಂಡು ಗಟ್ಟಿ ಗೂಡು ಕಟ್ಟುತ್ತದೆ. ಆಗ ಮೀನಿನ ಮೈ ಸ್ವಚ್ಛ. ‘ಹಾಕಿದ ಅರಿಶಿನ ಕೆಲಸ ಮಾಡ್ತು’ ಅಂತ ಎಲ್ಲರೂ ಖುಷಿ ಪಡುತ್ತಾರೆ. ಆದರೆ ಒಂದು ಗೂಡಿನೊಳಗೆ ನೂರಾರು ಮರಿಗಳು ತಯಾರಾಗುತ್ತಿರುತ್ತವೆ. ಸಾಮಾನ್ಯವಾಗಿ 3ರಿಂದ 28 ದಿನದೊಳಗೆ ಗೂಡು ಒಡೆದು ಮರಿಗಳು ಈಜಿ ಬರುತ್ತವೆ, ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಸಿಕ್ಕರೆ ಎರಡನೇ ಸುತ್ತು ಶುರು, ಈ ಸಲ ಚುಕ್ಕೆ ಹತ್ತರಷ್ಟು.

ಔಷಧಿ ಕೊಲ್ಲುವುದು ಈಜಾಡುವ ಮರಿಗಳನ್ನು ಮಾತ್ರ. ಮೈಯೊಳಗೆ ಹೂತಿರುವುದನ್ನೂ ಅಲ್ಲ, ಗೂಡಿನಲ್ಲಿರುವುದನ್ನೂ ಅಲ್ಲ. ಆದ್ದರಿಂದ ಮೂರು ದಿನ ಹಾಕಿ ನಿಲ್ಲಿಸಿದರೆ ಹಾಕಿದ್ದೂ ದಂಡ.

ಚಿಕಿತ್ಸೆ ಹೇಗೆ?

ಮೊದಲು ಎಲ್ಲಾ ಮೀನುಗಳನ್ನೂ ಬೇರೆ ತೊಟ್ಟಿಗೆ ಸಾಗಿಸಬೇಕು. ಚುಕ್ಕೆ ಕಾಣದ ಮೀನನ್ನೂ ಬಿಡುವ ಹಾಗಿಲ್ಲ. 40–50 ಲೀಟರ್‌ನ ಸಾದಾ ಗಾಜಿನ ಅಥವಾ ಪ್ಲಾಸ್ಟಿಕ್ ತೊಟ್ಟಿ, ಸ್ಪಂಜ್ ಫಿಲ್ಟರ್, ಹೀಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು ಸಾಕು. ಮರಳು, ಹವಳದ ಕಲ್ಲು ಬೇಡ. ಅವು ತಾಮ್ರವನ್ನು ಹೀರುತ್ತವೆ. ಬಲೆ, ಬಕೆಟ್ ಕೂಡ ಬೇರೆ ಇರಲಿ.

ಮೀನಿಲ್ಲದ ದೊಡ್ಡ ತೊಟ್ಟಿಯನ್ನು ಕನಿಷ್ಠ 6ರಿಂದ 8 ವಾರ ಹಾಗೇ ನಡೆಸಬೇಕು. ಕೆಲವು ಗೂಡುಗಳು 72 ದಿನಕ್ಕೆ ಒಡೆದಿದ್ದೂ ಇರುವುದರಿಂದ ಅನುಭವಿಗಳು 76 ದಿನ ಕಾಯುತ್ತಾರೆ.

ಬೇರೆ ತೊಟ್ಟಿಯಲ್ಲಿ ಎರಡು ದಾರಿಗಳಿವೆ.

ಒಂದು, ಉಪ್ಪು ಇಳಿಸುವುದು. ಒಂದೆರಡು ದಿನದಲ್ಲಿ ನಿಧಾನವಾಗಿ ಲೀಟರ್‌ಗೆ 15–16 ಗ್ರಾಂ ಅಥವಾ ಅದಕ್ಕಿಂತ ಸ್ವಲ್ಪ ಕಮ್ಮಿಗೆ ತಂದು ಮೂರರಿಂದ ನಾಲ್ಕು ವಾರ ಇಡುವುದು. ಗಟ್ಟಿ ಮೀನುಗಳು ತಡೆದುಕೊಳ್ಳುತ್ತವೆ, ಹುಳು ತಡೆಯುವುದಿಲ್ಲ. ಇದಕ್ಕೂ ಜಗ್ಗದ ತಳಿಗಳಿವೆ. ವೆಲ್ವೆಟ್ ರೋಗಕ್ಕಂತೂ ಇದು ಕೆಲಸಕ್ಕೆ ಬರುವುದಿಲ್ಲ, ಆ ಜೀವಿ ಕಮ್ಮಿ ಉಪ್ಪಿನಲ್ಲೂ ಬದುಕುತ್ತದೆ.

ಎರಡು, ತಾಮ್ರ. ಬಿಳಿ ಚುಕ್ಕೆ, ವೆಲ್ವೆಟ್ ಎರಡಕ್ಕೂ ನಂಬಿಕಸ್ಥ ಮದ್ದು. ಲೀಟರ್‌ಗೆ 0.15ರಿಂದ 0.20 ಮಿಲಿಗ್ರಾಂ, ಕನಿಷ್ಠ ಮೂರು ವಾರ. ಇದಕ್ಕಿಂತ ಕಮ್ಮಿಯಾದರೆ ಹುಳು ಸಾಯಲ್ಲ, ಜಾಸ್ತಿಯಾದರೆ ಮೀನು ಸಾಯುತ್ತೆ. ದಿನಕ್ಕೆ ಎರಡು ಸಲ ತಾಮ್ರದ ಕಿಟ್‌ನಲ್ಲಿ ಪರೀಕ್ಷೆ ಮಾಡಲೇಬೇಕು. ಕೆಲವು ಕಂಪನಿಯ ತಾಮ್ರದ ಔಷಧಿಗಳ ಅಳತೆ ಬೇರೆ ಇರುತ್ತದೆ, ಅವುಗಳಿಗೆ ಚೀಟಿಯಲ್ಲಿರುವುದೇ ಲೆಕ್ಕ. ಸೀಗಡಿ, ಬಸವನಹುಳು, ಹವಳ ಇರುವ ತೊಟ್ಟಿಗೆ ತಾಮ್ರ ಹಾಕಿದರೆ ಅವೆಲ್ಲಾ ಸಾಯುತ್ತವೆ.

ಮೈಲುತುತ್ತ ಚಿಟಿಕೆ ಲೆಕ್ಕದಲ್ಲಿ ಬೇಡ

ಕಾಫಿ, ಅಡಿಕೆ ಬೆಳೆಯುವವರ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಇರುತ್ತದೆ. ಅದೂ ತಾಮ್ರವೇ ಅಲ್ಲವೇ ಎಂದು ಒಂದು ಚಿಟಿಕೆ ಹಾಕುವವರಿದ್ದಾರೆ. ಲೆಕ್ಕ ನೋಡಿ: 100 ಲೀಟರ್ ನೀರಿಗೆ ಬೇಕಾದ ತಾಮ್ರ ಹೆಚ್ಚೆಂದರೆ 20 ಮಿಲಿಗ್ರಾಂ. ಮೈಲುತುತ್ತದಲ್ಲಿ ತಾಮ್ರ ಸುಮಾರು ನಾಲ್ಕನೇ ಒಂದು ಭಾಗ. ಅಂದರೆ ಬೇಕಾಗಿದ್ದು 80 ಮಿಲಿಗ್ರಾಂ ಮೈಲುತುತ್ತ, ಒಂದು ಗ್ರಾಂನ ಹನ್ನೆರಡನೇ ಒಂದು ಭಾಗ. ಕೈಬೆರಳಿನ ಚಿಟಿಕೆಯಲ್ಲಿ ಇದರ ಹಲವು ಪಟ್ಟು ಬರುತ್ತದೆ. ದಿನಸಿ ಅಂಗಡಿ ತಕ್ಕಡಿಯಲ್ಲಿ ಇದನ್ನು ತೂಗಲೂ ಆಗುವುದಿಲ್ಲ. ಅಕ್ವೇರಿಯಂಗೆಂದೇ ತಯಾರಾದ ದ್ರಾವಣ, ಜೊತೆಗೆ ಪರೀಕ್ಷೆ ಕಿಟ್ ಇಲ್ಲದಿದ್ದರೆ ತಾಮ್ರದ ದಾರಿ ಬೇಡ.

ಮೆಡಿಕಲ್ ಶಾಪ್‌ನ ಆಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಹಾಕುವುದೂ ಇದೇ ಥರ. ಬಿಳಿ ಚುಕ್ಕೆಯ ಜೀವಿ ಬ್ಯಾಕ್ಟೀರಿಯಾ ಅಲ್ಲ. ಮಾತ್ರೆಯಿಂದ ಫಿಲ್ಟರ್‌ನಲ್ಲಿ ಅಮೋನಿಯಾ ತಿನ್ನುವ ಒಳ್ಳೆ ಬ್ಯಾಕ್ಟೀರಿಯಾ ಸಾಯಬಹುದು, ಆಮೇಲೆ ಮೀನು ಅಮೋನಿಯಾದಿಂದ ಸಾಯುತ್ತದೆ.

ಸಿಹಿನೀರಿನ ಸ್ನಾನ

ಚಪ್ಪಟೆ ಹುಳುವಿಗೆ ಇದು ಒಳ್ಳೆಯದು, ವೆಲ್ವೆಟ್‌ನಲ್ಲಿ ಸ್ವಲ್ಪ ಉಸಿರು ಕೊಡುತ್ತದೆ. ಬಿಳಿ ಚುಕ್ಕೆಗೆ ಅಷ್ಟು ಉಪಯೋಗ ಇಲ್ಲ, ಆ ಜೀವಿ ಚರ್ಮದ ಒಳಗೆ ಇರುತ್ತದೆ. ಕ್ಲೋರಿನ್ ಇಲ್ಲದ ನೀರು, ತೊಟ್ಟಿಯ ನೀರಿನಷ್ಟೇ ಉಷ್ಣತೆ, ಅಡುಗೆ ಸೋಡಾ ಬೆರೆಸಿ ಸರಿಹೊಂದಿಸಿದ ಪಿಎಚ್, ಗಾಳಿ ಪಂಪ್. ಇಷ್ಟು ಸಿದ್ಧ ಮಾಡಿಕೊಂಡು 3ರಿಂದ 5 ನಿಮಿಷ. ಮೀನು ಒದ್ದಾಡಿ ಮಗುಚಿದರೆ ತಕ್ಷಣ ವಾಪಸ್ ಹಾಕಿ. ಗಡಿಯಾರ ಎದುರಿಗೆ ಇಟ್ಟುಕೊಳ್ಳಿ, ನಡುವೆ ಗಿರಾಕಿ ಬಂದರೂ ಏಳಬೇಡಿ.

ಆ ನೀರು ಎಲ್ಲಿಗೆ ಹೋಗುತ್ತೆ?

ಕೊಣನೂರಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಲ್ಲಿಂದ ಕೆಲವೇ ಕಿಲೋಮೀಟರ್ ಕೆಳಗೆ ರಾಮನಾಥಪುರದ ವಹ್ನಿ ಪುಷ್ಕರಣಿಯಲ್ಲಿ ಭಕ್ತರು ಮಂಡಕ್ಕಿ ಹಾಕಿ ಕೈಮುಗಿಯುವ ಕಾವೇರಿಯ ಮೀನುಗಳಿವೆ. ಅಲ್ಲಿ ಮೀನು ಹಿಡಿಯುವಂತಿಲ್ಲ.

ಸಮುದ್ರದ ಹುಳು ಕಾವೇರಿಯ ಸಿಹಿನೀರಿನಲ್ಲಿ ಬದುಕುವುದಿಲ್ಲ, ಆ ಭಯ ಇಲ್ಲ. ಆದರೆ ತಾಮ್ರ, ಫಾರ್ಮಲಿನ್ ಬೆರೆತ ನೀರು ನದಿಗೆ, ನಾಲೆಗೆ ಸೇರಬಾರದು. ಸಿಹಿನೀರಿನ ಅಕ್ವೇರಿಯಂ ಇಟ್ಟವರ ಹೊಣೆ ಇನ್ನೂ ದೊಡ್ಡದು. ಕಾಯಿಲೆ ಮೀನನ್ನು ‘ಪಾಪ, ಬದುಕಿಕೊಳ್ಳಲಿ’ ಅಂತ ಹೊಳೆಗೆ ಬಿಟ್ಟರೆ ಅದರ ರೋಗ ಹೊಳೆಯ ಮೀನಿಗೆ ಅಂಟಬಹುದು. 1988ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಕಾಣಿಸಿಕೊಂಡ ಹುಣ್ಣು ರೋಗ ಮುಂದಿನ ಕೆಲವೇ ವರ್ಷಗಳಲ್ಲಿ ಕರ್ನಾಟಕವೂ ಸೇರಿ ದೇಶದ ಬಹುಭಾಗದ ಕೆರೆ, ನದಿಗಳಿಗೆ ಹರಡಿತ್ತು. ಒಮ್ಮೆ ಹರಡಿದ್ದನ್ನು ಹೊಳೆಯಿಂದ ವಾಪಸ್ ತೆಗೆಯಲು ಆಗುವುದಿಲ್ಲ.

ಔಷಧಿ ಹಾಕಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಶೌಚಾಲಯಕ್ಕೆ ಸುರಿಯಿರಿ. ಗಿಡಕ್ಕೆ ಹಾಕಬೇಡಿ, ಉಪ್ಪಿಗೇ ಗಿಡ ಒಣಗುತ್ತದೆ. ಸತ್ತ ಮೀನನ್ನು ಬಾವಿ, ಹೊಳೆಯಿಂದ ದೂರ ಹೂಳಿ.

ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಇಲ್ಲದೆ ತೊಟ್ಟಿಗೆ ಕೈ ಹಾಕಬೇಡಿ. ಮೀನಿನ ತೊಟ್ಟಿಯ ಒಂದು ಬ್ಯಾಕ್ಟೀರಿಯಾದಿಂದ ಮನುಷ್ಯರ ಚರ್ಮದಲ್ಲಿ ವಾಸಿಯಾಗದ ಗಂಟು ಬರುತ್ತದೆ. ಹಾಗೆ ಬಂದರೆ ವೈದ್ಯರಿಗೆ ‘ಮನೆಯಲ್ಲಿ ಅಕ್ವೇರಿಯಂ ಇದೆ’ ಅಂತ ಹೇಳುವುದನ್ನು ಮರೆಯಬೇಡಿ.

ತರುವಾಗಲೇ ಎಚ್ಚರ

ಇಷ್ಟೆಲ್ಲಾ ಪಾಡು ಬೇಡ ಅಂದರೆ ಹೊಸ ಮೀನನ್ನು ಮೂರರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ ಆಮೇಲೆ ಸೇರಿಸಿ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕವರಿನಲ್ಲಿ ಬಂದ ನೀರನ್ನು ತೊಟ್ಟಿಗೆ ಸುರಿಯಬೇಡಿ. ಕೊಳ್ಳುವ ಮೊದಲು ಅಂಗಡಿಯವರಿಗೆ ಎದುರಿಗೇ ಕಾಳು ಹಾಕಲು ಹೇಳಿ. ತಿನ್ನದ ಮೀನು ಅಗ್ಗವಾಗಿ ಸಿಕ್ಕರೂ ಬೇಡ. ತೊಟ್ಟಿಯಲ್ಲೇ ಮರಿ ಮಾಡಿ ಬೆಳೆಸಿದ ಕ್ಲೌನ್ ಮೀನು ಸಿಕ್ಕರೆ ಅದನ್ನೇ ಆರಿಸಿ, ಸಮುದ್ರದಿಂದ ಹಿಡಿದದ್ದಕ್ಕಿಂತ ಗಟ್ಟಿ. ಕಡಲಕುದುರೆ, ಗಟ್ಟಿ ಹವಳ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವು ರಕ್ಷಿತ ಜೀವಿಗಳು.

ಅನುಮಾನ ಬಂದಾಗ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬಹುದು. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಮೀನಿನ ರೋಗದ ಬಗ್ಗೆ ಬಲ್ಲ ತಜ್ಞರಿದ್ದಾರೆ. ಕೇಳುವ ಮೊದಲು ಮೀನಿನ ಸ್ಪಷ್ಟ ಫೋಟೊ, ಉಸಿರಾಟದ ಅರ್ಧ ನಿಮಿಷದ ವಿಡಿಯೊ, ನೀರಿನ ಪರೀಕ್ಷೆಯ ಅಂಕಿ, ಕೊನೆಯ ಹೊಸ ಮೀನು ಯಾವಾಗ ಬಂತು, ಏನೇನು ಔಷಧಿ ಹಾಕಿದ್ದಾಯಿತು ಎಂಬ ವಿವರ ಬರೆದಿಟ್ಟುಕೊಳ್ಳಿ. ‘ಮೀನಿಗೆ ಹುಷಾರಿಲ್ಲ’ ಅಂತ ಮಾತ್ರ ಹೇಳಿದರೆ ಯಾವ ತಜ್ಞರಿಗೂ ಮದ್ದು ಹೇಳಲು ಆಗುವುದಿಲ್ಲ.