‘ಡ್ರೈ’ ಎಂದರೆ ಸಿಹಿ ಇಲ್ಲವೆಂದಲ್ಲ: ಒಂದೇ ತೋಟದ ಪ್ರೊಸೆಕ್ಕೊ

ನಮ್ಮ ಮದುವೆಗಳಲ್ಲಿ ಟೋಸ್ಟ್ ಹೇಳುವಾಗ ಇಟಲಿಯ ನೊರೆವೈನ್ ಪ್ರೊಸೆಕ್ಕೊ ಕೂಡ ಈಗೀಗ ಕಾಣಿಸುತ್ತಿದೆ. ಬಾಟಲಿಯ ಮೇಲೆ ‘ಡ್ರೈ’ ಎಂದಿದ್ದರೆ ಸಕ್ಕರೆ ಕಾಯಿಲೆಯಿರುವ ಹಿರಿಯರೂ ಧೈರ್ಯವಾಗಿ ಗ್ಲಾಸ್ ಎತ್ತುತ್ತಾರೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು.

ಪ್ರೊಸೆಕ್ಕೊ ಲೆಕ್ಕದಲ್ಲಿ ‘ಡ್ರೈ’ ಎಂದರೆ ಲೀಟರಿಗೆ 17ರಿಂದ 32 ಗ್ರಾಂ ಸಕ್ಕರೆ. ‘ಎಕ್ಸ್‌ಟ್ರಾ ಡ್ರೈ’ಯಲ್ಲಿ 12ರಿಂದ 17 ಗ್ರಾಂ. ನಿಜಕ್ಕೂ ಸಿಹಿ ಕಡಿಮೆ ಬೇಕೆನ್ನುವವರು 12 ಗ್ರಾಂಗಿಂತ ಕಡಿಮೆಯಿರುವ ‘ಬ್ರೂಟ್’, ಇಲ್ಲವೇ 6 ಗ್ರಾಂ ಮೀರದ ‘ಎಕ್ಸ್‌ಟ್ರಾ ಬ್ರೂಟ್’ ನೋಡಬೇಕು. ಹತ್ತೊಂಬತ್ತನೇ ಶತಮಾನದ ನೊರೆವೈನ್‌ಗಳು ಪಾಯಸದಂತೆ ಸಿಹಿಯಾಗಿದ್ದವು. ಅವುಗಳ ಪಕ್ಕದಲ್ಲಿ ಇದು ‘ಡ್ರೈ’ ಅನಿಸಿತ್ತು. ಹೆಸರು ಹಾಗೇ ಉಳಿಯಿತು, ಗೊಂದಲವೂ ಉಳಿಯಿತು.

ಈ ವೈನ್‌ನ ತವರು ವೆನಿಸ್ ನಗರದ ಉತ್ತರಕ್ಕಿರುವ ಕೊನೆಲ್ಯಾನೊ–ವಾಲ್ದೊಬ್ಬಿಯಾದೆನೆ ಗುಡ್ಡಗಳು. 2019ರಲ್ಲಿ ಇವು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಲ್ಲಿನ ಕೊಲ್ಬೆರ್ತಾಲ್ದೊ ಎಂಬಲ್ಲಿ, ದಕ್ಷಿಣಕ್ಕೆ ಮುಖ ಮಾಡಿದ ಬಟ್ಟಲಿನಂಥ ಇಳಿಜಾರಿನಲ್ಲಿ ‘ಜಾರ್ದಿನೊ’ ಎಂಬ ತೋಟವಿದೆ. ಜಾರ್ದಿನೊ ಎಂದರೆ ಉದ್ಯಾನ. 1920ರಲ್ಲಿ ಅಬೆಲೆ ಅದಾಮಿ ಇದನ್ನು ಕೌಂಟ್ ಬಾಲ್ಬಿ ವಾಲಿಯೆರ್‌ನಿಂದ ಕೊಂಡರು. 1933ರಲ್ಲಿ ಸಿಯೆನಾದ ವೈನ್ ಪ್ರದರ್ಶನಕ್ಕೆ ಬಂದ ಬಾಟಲಿಯ ಹೆಸರು ‘ರೀವಾ ಜಾರ್ದಿನೊ ಅಶ್ಶುತ್ತೊ’. ಅಶ್ಶುತ್ತೊ ಎಂದರೂ ‘ಒಣ’ ಎಂದೇ ಅರ್ಥ. ಹಲವು ತೋಟಗಳ ಹಣ್ಣು ಬೆರೆಸುತ್ತಿದ್ದ ಕಾಲದಲ್ಲಿ ಒಂದೇ ತೋಟದ ಹೆಸರು ಹಾಕಿದ್ದು ಸಣ್ಣ ಮಾತಲ್ಲ.

ತೋಟ ಬದಲಾದರೆ ರುಚಿ ಬದಲಾಗುತ್ತದೆಯೇ? ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಕೇಳಿದರೆ ಈ ಪ್ರಶ್ನೆಗೆ ನಕ್ಕಾರು. ಸವಳು ನೆಲದ ಕಬ್ಬಿನ ಬೆಲ್ಲ ನಾಲಿಗೆಗೆ ಉಪ್ಪುಪ್ಪಾಗುತ್ತದೆ, ಒಳ್ಳೆಯ ನೆಲದ್ದು ಹಾಗಲ್ಲ. ಕಾಯಿಸಿದವನು ಒಬ್ಬನೇ ಆದರೂ ಅಷ್ಟೇ. ದ್ರಾಕ್ಷಿಯೂ ಹಾಗೆಯೇ. ಇಳಿಜಾರು, ಬಿಸಿಲು, ನೀರು ಬಸಿಯುವ ಮಣ್ಣು ಇವೆಲ್ಲ ಹಣ್ಣಿನ ಹುಳಿ-ಸಿಹಿಯಲ್ಲಿ ಕಾಣುತ್ತವೆ. 2009ರಿಂದ ‘ರೀವೆ’ ಎಂಬ ಪದದೊಂದಿಗೆ ಊರಿನ ಹೆಸರಿರುವ ಬಾಟಲಿಗೆ ಆ ಊರಿನ ಗುಡ್ಡದ ಹಣ್ಣೇ ಬೇಕು, ಕೊಯ್ಲು ಕೈಯಿಂದಲೇ ಆಗಬೇಕು. ದ್ರಾಕ್ಷಿಯ ತಳಿ ಗ್ಲೆರಾ.

ವೈನ್‌ಗೆ ನೊರೆ ಬರುವುದು ಎರಡನೇ ಹುದುಗಿನಿಂದ. ಮುಚ್ಚಿದ ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ಸಕ್ಕರೆ, ಯೀಸ್ಟ್ ಸೇರಿಸುತ್ತಾರೆ. ಹುಟ್ಟಿದ ಅನಿಲ ಹೊರಹೋಗದೆ ವೈನ್‌ನಲ್ಲೇ ಕರಗುತ್ತದೆ. ಇಟಲಿಯ ಫೆದೆರಿಕೊ ಮಾರ್ತಿನೊತ್ತಿ 1895ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು. ಹಸಿರು ಸೇಬು, ಪೇರ್ ಹಣ್ಣು, ಬಿಳಿ ಹೂವಿನ ಪರಿಮಳ ಹಾಳಾಗದೆ ಉಳಿಯುವುದು ಇದರಿಂದಲೇ.

ಸಕ್ರಿಸ್ತಿ ನೋಡಿಕೊಳ್ಳುವವರಿಗೆ ಒಂದು ಮಾತು. ಉಡುಗೊರೆಯಾಗಿ ಬಂದ ಇಂಥ ಬಾಟಲಿ ಬಲಿಪೂಜೆಗಲ್ಲ. ಧರ್ಮಸಭೆಯ ಕಾನೂನು 924ರಂತೆ ಪೂಜೆಯ ದ್ರಾಕ್ಷಾರಸ ದ್ರಾಕ್ಷಿಯಿಂದಾದ ಸಹಜ ವೈನ್ ಆಗಿರಬೇಕು, ಕೆಟ್ಟಿರಬಾರದು. ಬೇರೇನೂ ಬೆರೆತಿರಬಾರದು ಎಂದು 2004ರ ರೋಮಿನ ಸೂಚನೆ ಹೇಳುತ್ತದೆ. ಧರ್ಮಪ್ರಾಂತ್ಯ ಒಪ್ಪಿದ ವೈನ್ ಮಾತ್ರ ಬಳಸಿ.

ಊಟದ ಮೇಜಿಗಾದರೆ ಚೆನ್ನಾಗಿ ತಣಿಸಿ, 6ರಿಂದ 8 ಡಿಗ್ರಿಯಲ್ಲಿ ಕೊಡಿ. ಬ್ರೂಟ್ ಹುರಿದ ಮೀನಿಗೆ ಹೊಂದುತ್ತದೆ, ‘ಡ್ರೈ’ ಕೇಕಿಗೆ. ಬಿರಡೆ ತೆಗೆಯುವಾಗ ಬಾಟಲಿಯ ಬಾಯಿ ಯಾರ ಮುಖಕ್ಕೂ ತಿರುಗಿರಬಾರದು.