ಪುಟ್ಟ ವಿಮಾನಕ್ಕೆ ಬಿಸಿಲಿನ ತಡೆ

ಶನಿವಾರ ಬೆಳಗ್ಗೆ ಬೆಂಗಳೂರನ್ನು ಬಿಟ್ಟು, ಹಂಪಿಯನ್ನೂ ತುಂಗಭದ್ರಾ ಅಣೆಕಟ್ಟನ್ನೂ ಕಂಡು, ಭಾನುವಾರ ಸಂಜೆಯೊಳಗೆ ಮನೆ ಸೇರಬೇಕೆಂದು ನಾಲ್ವರ ಕುಟುಂಬವೊಂದು ಬಯಸುತ್ತದೆಂದು ಭಾವಿಸೋಣ. ರಸ್ತೆಯಲ್ಲಿ ಹೋಗುವುದಕ್ಕೇ ಆರೇಳು ಗಂಟೆ ಬೇಕು. ಆದರೆ ಜಕ್ಕೂರಿನ ವಿಮಾನ ನಿಲ್ದಾಣದಿಂದ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು ೨೫೫ ಕಿಲೋಮೀಟರು ಮಾತ್ರ. ಗಂಟೆಗೆ ೨೨೦ ಕಿಲೋಮೀಟರು ಸಾಗುವ, ನಾಲ್ಕು ಆಸನಗಳ ಸೆಸ್ನಾ ೧೭೨ ವಿಮಾನಕ್ಕೆ ಅದು ಒಂದು ಗಂಟೆ ಹತ್ತು ನಿಮಿಷದ ದಾರಿ. ವಿದ್ಯಾನಗರ ನಿಲ್ದಾಣವು ಉಕ್ಕಿನ ಕಾರ್ಖಾನೆಯವರದು. ಅಲ್ಲಿ ಇಳಿಯಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಅದು ದೊರೆತರೆ ಹೊಸಪೇಟೆ ಅಲ್ಲಿಂದ ದೂರವಲ್ಲ.

ಇಂತಹ ಪ್ರವಾಸ ಯೂರೋಪಿನಲ್ಲಿ ಹೊಸದೇನಲ್ಲ. ೧೯೦೯ರ ಜುಲೈ ೨೫ರಂದು ಲೂಯಿ ಬ್ಲೇರಿಯೋ ಪ್ರಾಣವನ್ನು ಪಣವಾಗಿಟ್ಟು ದಾಟಿದ ಇಂಗ್ಲಿಷ್ ಕಡಲ್ಗಾಲುವೆಯನ್ನು ಇಂದು ಇಂಗ್ಲೆಂಡಿನ ಹವ್ಯಾಸಿ ವೈಮಾನಿಕರು ಹೆಂಡತಿ ಮಕ್ಕಳೊಡನೆ ದಾಟಿ, ಫ್ರಾನ್ಸಿನ ಕರಾವಳಿಯ ಲೆ ತೂಕೆ ಪಟ್ಟಣದಲ್ಲಿ ವಾರಾಂತ್ಯವನ್ನು ಕಳೆದು ಬರುತ್ತಾರೆ. ಅದೇ ವಿಮಾನ, ಅದೇ ನಾಲ್ವರು. ಅಲ್ಲಿ ಸುಲಭವಾದುದು ಇಲ್ಲಿಯೂ ಅಷ್ಟೇ ಸುಲಭವೆ? ಅಲ್ಲ. ಕಾರಣವಿರುವುದು ವಿಮಾನದಲ್ಲಲ್ಲ, ಅದನ್ನು ಹೊರುವ ಗಾಳಿಯಲ್ಲಿ.

ಮೊದಲು ತೂಕದ ಲೆಕ್ಕವನ್ನು ನೋಡೋಣ. ಈ ವಿಮಾನದ ಇತ್ತೀಚಿನ ಮಾದರಿಯೊಂದು ನೆಲ ಬಿಡುವಾಗ ೧,೧೫೭ ಕಿಲೋಗ್ರಾಂ ಮೀರಬಾರದು. ಬರಿದಾದ ವಿಮಾನದ ತೂಕವೇ ಸುಮಾರು ೭೭೦. ಉಳಿದದ್ದು ೩೮೭. ತಂದೆ, ತಾಯಿ, ಕಾಲೇಜಿನಲ್ಲಿ ಓದುವ ಇಬ್ಬರು ಮಕ್ಕಳು ಸೇರಿ ೨೮೦ ಎಂದಿಟ್ಟುಕೊಂಡರೆ ೧೦೭ ಮಾತ್ರ ಉಳಿಯಿತು. ಇಂತಹ ವಿಮಾನಕ್ಕೆ ಬೇಕಾದ ವಿಶೇಷ ಪೆಟ್ರೋಲು ಸಣ್ಣ ನಿಲ್ದಾಣಗಳಲ್ಲಿ ಸಿಗುವುದು ಅಪರೂಪ. ಆದುದರಿಂದ ಹಿಂದಿರುಗುವುದಕ್ಕೂ ಆಪತ್ಕಾಲಕ್ಕೂ ಸೇರಿಸಿ ಸುಮಾರು ೧೧೫ ಲೀಟರನ್ನು ಒಯ್ಯಬೇಕು. ಅದರ ತೂಕ ೮೩ ಕಿಲೋಗ್ರಾಂ. ನಾಲ್ವರ ಬಟ್ಟೆಬರೆಗೆ ಉಳಿದದ್ದು ೨೪ ಕಿಲೋಗ್ರಾಂ! ನಾಲ್ಕು ಆಸನಗಳಿವೆಯೆಂದ ಮಾತ್ರಕ್ಕೆ ನಾಲ್ವರನ್ನು ಕೂರಿಸಿ ಪೆಟ್ರೋಲನ್ನೂ ಪೂರ್ತಿ ತುಂಬಿಸಬಹುದೆಂದು ಭಾವಿಸುವುದು ಸಲ್ಲದು.

ಇನ್ನು ಗಾಳಿಯ ವಿಚಾರ. ಸಮುದ್ರಮಟ್ಟದಿಂದ ಮೇಲೇರಿದಂತೆ ವಾಯುವಿನ ಒತ್ತಡ ಇಳಿಯುತ್ತದೆ. ಒತ್ತಡ ಒಂದೇ ಇದ್ದಾಗ ಕಾಯಿಸಿದ ಅನಿಲ ಹಿಗ್ಗುತ್ತದೆಂದು ಚಾರ್ಲ್ಸ್ ನಿಯಮ ತಿಳಿಸುತ್ತದೆ. ಎರಡರಿಂದಲೂ ಗಾಳಿ ತೆಳುವಾಗುತ್ತದೆ. ಲೆ ತೂಕೆ ಕಡಲ ಮಟ್ಟದಲ್ಲಿದೆ. ಅಲ್ಲಿ ೧೫ ಡಿಗ್ರಿ ಸೆಲ್ಸಿಯಸಿನ ದಿನ ಒಂದು ಘನಮೀಟರು ಗಾಳಿಯ ತೂಕ ಸುಮಾರು ೧.೨೨ ಕಿಲೋಗ್ರಾಂ. ತುಂಗಭದ್ರಾ ಜಲಾಶಯದ ಪೂರ್ಣ ನೀರಿನ ಮಟ್ಟ ೧,೬೩೩ ಅಡಿ, ಎಂದರೆ ಸುಮಾರು ೪೯೮ ಮೀಟರು. ತೋರಣಗಲ್ಲಿನ ನೆಲವೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಅಲ್ಲಿ ಏಪ್ರಿಲ್ ತಿಂಗಳ ನಸುಕಿನಲ್ಲಿ ೨೫ ಡಿಗ್ರಿ ಇದ್ದಾಗ ಅದೇ ಘನಮೀಟರು ೧.೧೨ ಕಿಲೋಗ್ರಾಂ ತೂಗಿದರೆ, ಮಧ್ಯಾಹ್ನ ೪೦ ಡಿಗ್ರಿಯಲ್ಲಿ ೧.೦೬ ಮಾತ್ರ ತೂಗುತ್ತದೆ. ಆ ಹೊತ್ತಿನಲ್ಲಿ ತೋರಣಗಲ್ಲಿನ ನೆಲದ ಮೇಲೆಯೇ ನಿಂತ ವಿಮಾನವು ಸುಮಾರು ೧,೫೦೦ ಮೀಟರು ಎತ್ತರದಲ್ಲಿರುವಂತೆ ವರ್ತಿಸುತ್ತದೆ. ಇದನ್ನು ವೈಮಾನಿಕರು ಸಾಂದ್ರತಾ ಎತ್ತರವೆಂದು ಕರೆಯುತ್ತಾರೆ.

ತೆಳುಗಾಳಿಯಿಂದ ಒದಗುವ ನಷ್ಟ ಒಂದೇ ಬಗೆಯದಲ್ಲ. ರೆಕ್ಕೆಯ ಎತ್ತುವ ಬಲವು ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ಸಾಂದ್ರತೆ ಶೇಕಡ ೧೩ರಷ್ಟು ಇಳಿದರೆ, ಅದೇ ಭಾರವನ್ನೆತ್ತಲು ವಿಮಾನ ಶೇಕಡ ೭ರಷ್ಟು ಹೆಚ್ಚು ವೇಗವಾಗಿ ಓಡಬೇಕು. ಎಂಜಿನ್ನಾದರೋ ಪ್ರತಿ ಸಲವೂ ಅಷ್ಟೇ ಗಾತ್ರದ ಗಾಳಿಯನ್ನು ಹೀರುತ್ತದೆ. ಆದರೆ ಅದರಲ್ಲಿ ಆಮ್ಲಜನಕ ಕಡಿಮೆ, ಆದುದರಿಂದ ಶಕ್ತಿಯೂ ಕಡಿಮೆ. ಮುಂದಕ್ಕೆಳೆಯುವ ಪ್ರೊಪೆಲರ್ ಸಹ ಒಂದು ಬಗೆಯ ರೆಕ್ಕೆಯೇ; ಅದರ ಹಿಡಿತವೂ ಸಡಿಲವಾಗುತ್ತದೆ. ಇವೆಲ್ಲ ಕೂಡಿ ನೆಲ ಬಿಡುವ ಮುನ್ನಿನ ಓಟವು ಕಡಲತೀರದಲ್ಲಿ ಬೇಕಾದುದಕ್ಕಿಂತ ಸುಮಾರು ಶೇಕಡ ೪೦ರಷ್ಟು ಉದ್ದವಾಗುತ್ತದೆ.

ತೋರಣಗಲ್ಲಿನ ರನ್‌ವೇ ಪುಟ್ಟ ವಿಮಾನಕ್ಕೆ ಧಾರಾಳವಾಗಿ ಸಾಲುತ್ತದೆ. ನಿಜವಾದ ಪರೀಕ್ಷೆ ನೆಲ ಬಿಟ್ಟ ಮೇಲೆ. ಸಂಬಳದಲ್ಲಿ ಮನೆ ಬಾಡಿಗೆ, ದಿನಸಿ ಕಳೆದು ಉಳಿದುದೇ ಉಳಿತಾಯವಲ್ಲವೆ? ಹಾಗೆಯೇ ಸಮತಲದಲ್ಲಿ ಹಾರಲು ವೆಚ್ಚವಾಗುವ ಶಕ್ತಿಯನ್ನು ಕಳೆದು ಮಿಕ್ಕುದು ಮಾತ್ರ ಮೇಲೇರಲು ಒದಗುತ್ತದೆ. ಸಂಬಳ ಸ್ವಲ್ಪ ಇಳಿದರೂ ಉಳಿತಾಯ ಬಹಳ ಇಳಿಯುತ್ತದೆ. ಕಡಲ ಮಟ್ಟದಲ್ಲಿ ನಿಮಿಷಕ್ಕೆ ೨೨೦ ಮೀಟರು ಏರುವ ವಿಮಾನ ಈ ಬಿಸಿಲಿನಲ್ಲಿ ಸುಮಾರು ೧೫೦ ಮೀಟರು ಏರೀತು. ನೈರುತ್ಯಕ್ಕೆ ಸಂಡೂರಿನ ಬೆಟ್ಟಗಳಿವೆ. ರಾಮಗಢದ ಬಳಿ ಅವು ಸಮುದ್ರಮಟ್ಟದಿಂದ ಸುಮಾರು ೧,೦೦೦ ಮೀಟರಿಗೆ ಏರಿವೆ.

ಇದರೊಡನೆ ಇನ್ನೊಂದು ತೊಡಕು ಸೇರುತ್ತದೆ. ಹಂಪಿಯ ಬಂಡೆಗಳು ಬೇಗ ಕಾಯುತ್ತವೆ, ಜಲಾಶಯದ ನೀರು ನಿಧಾನವಾಗಿ ಕಾಯುತ್ತದೆ. ಕಾದ ಬಂಡೆಗಳ ಮೇಲಿನ ಗಾಳಿ ಮೇಲೇಳುತ್ತದೆ. ಅದರ ಪಕ್ಕದಲ್ಲಿ ತಂಪುಗಾಳಿ ಕೆಳಗಿಳಿಯುತ್ತದೆ. ಮಧ್ಯಾಹ್ನ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದು ಇಂತಹ ಏರುಗಾಳಿಯ ಬಲದಿಂದಲೇ. ಆದರೆ ಇಳಿಗಾಳಿಗೆ ಸಿಕ್ಕ ವಿಮಾನ, ನಿಮಿಷಕ್ಕೆ ಏರಬೇಕಾದ ಆ ೧೫೦ ಮೀಟರಿನ ಬಹುಭಾಗವನ್ನು ಕಳೆದುಕೊಳ್ಳಬಹುದು.

ಹೊಸಪೇಟೆಯಿಂದ ಒಂದು ಬಾಳೆಗೊನೆಯನ್ನು ಮನೆಗೆ ಒಯ್ಯುವ ಆಸೆ ಯಾರಿಗಿಲ್ಲ? ಬರುವಾಗ ಪೆಟ್ರೋಲು ಉರಿದು ಸುಮಾರು ೩೦ ಕಿಲೋಗ್ರಾಂ ಕಡಿಮೆಯಾಗಿರುವುದರಿಂದ ತಕ್ಕಡಿ ಅದಕ್ಕೆ ಒಪ್ಪುತ್ತದೆ. ಆದರೆ ೧,೧೫೭ ಎಂಬುದು ವಿಮಾನ ಹೊರಬಹುದಾದ ಪರಮಾವಧಿಯೇ ಹೊರತು, ಎಲ್ಲ ಎತ್ತರದಲ್ಲಿಯೂ ಎಲ್ಲ ಬಿಸಿಲಿನಲ್ಲಿಯೂ ಅಷ್ಟನ್ನು ಹೊತ್ತು ಚೆನ್ನಾಗಿ ಏರುವೆನೆಂಬ ಭರವಸೆಯಲ್ಲ. ಆದುದರಿಂದ ಬಲ್ಲ ವೈಮಾನಿಕನು ಭಾನುವಾರ ಮಧ್ಯಾಹ್ನದ ಬದಲು ನಸುಕಿನಲ್ಲಿಯೇ ಹೊರಡುತ್ತಾನೆ, ಇಲ್ಲವೆ ಸೋಮವಾರ ಬೆಳಗಿನವರೆಗೆ ಕಾಯುತ್ತಾನೆ. ಸಾಮಾನು ಮಿಕ್ಕರೆ ಹಂಪಿ ಎಕ್ಸ್‌ಪ್ರೆಸ್ ರೈಲಿಗೆ ಹಾಕುತ್ತಾನೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿರುವುದರಿಂದ, ಅಲ್ಲಿ ೨೦ ಡಿಗ್ರಿಯ ತಂಪಿನಲ್ಲಿಯೂ ಘನಮೀಟರು ಗಾಳಿ ೧.೦೮ ಕಿಲೋಗ್ರಾಂ ಮೀರದು. ತೋರಣಗಲ್ಲಿನಲ್ಲಿ ಬಿಸಿಲು ಕಳೆಯುವುದನ್ನು ಬೆಂಗಳೂರಿನಲ್ಲಿ ಎತ್ತರವು ಕಳೆಯುತ್ತದೆ. ವಾಚಕರು ತಮ್ಮೂರಿನ ಎತ್ತರವನ್ನೂ ಉಷ್ಣತೆಯನ್ನೂ ತಿಳಿದುಕೊಂಡು, ಅಲ್ಲಿನ ಗಾಳಿ ಎಷ್ಟು ತೂಗುತ್ತದೆಂದು ಅನಿಲ ನಿಯಮಗಳಿಂದ ತಾವೇ ಲೆಕ್ಕ ಹಾಕಿ ನೋಡಬಹುದು.